ನೆತ್ತರಿನ ತಾಮ್ರವೂ ಮನಸ್ಸಿನ ಬೇನೆಯೂ

ಬಾಳೆಹಣ್ಣಿನ ಚಿಪ್ಪು ಮನೆಯಲ್ಲಿ ನಾಲ್ಕು ದಿನ ಉಳಿದರೆ ಸಿಪ್ಪೆ ಕರಿದಾಗುತ್ತದೆ. ಹೆಚ್ಚಿದ ಬದನೆಕಾಯಿಯನ್ನು ನೀರಿಗೆ ಹಾಕುವುದು ತುಸು ತಡವಾದರೂ ಹೋಳುಗಳ ಬಣ್ಣ ಕೆಡುತ್ತದೆ. ಬಾಳೆದಿಂಡು ಹೆಚ್ಚುವಾಗ ಪಕ್ಕದಲ್ಲಿ ಮಜ್ಜಿಗೆ ಬೆರೆಸಿದ ನೀರಿನ ಪಾತ್ರೆ ಇರಲೇಬೇಕೆಂದು ನಮ್ಮ ಅಜ್ಜಿಯರು ಬಲ್ಲರು. ಸೇಬಿನ ಹೋಳಿಗೆ ನಿಂಬೆಯ ರಸ ಸವರಿದರೆ ಅದು ಕಂದದೆಂದು ಇಂದಿನ ಗೃಹಿಣಿಯರು ಬಲ್ಲರು. ಇದು ಹೀಗೇಕೆ ಎಂದು ಕೇಳಿಕೊಳ್ಳುವ ಗೋಜಿಗೆ ಮಾತ್ರ ನಾವು ಸಾಮಾನ್ಯವಾಗಿ ಹೋಗುವುದಿಲ್ಲ.

ಕಾರಣ ಇಷ್ಟೆ. ಈ ಕಾಯಿಹಣ್ಣುಗಳಲ್ಲಿ ತಾಮ್ರವನ್ನು ಒಡಲಲ್ಲಿಟ್ಟುಕೊಂಡ ಒಂದು ಕಿಣ್ವವಿದೆ. ಕೋಶಗಳು ಒಡೆದು ಗಾಳಿ ತಗುಲಿದೊಡನೆ ಅದು ಗಾಳಿಯ ಆಮ್ಲಜನಕದ ನೆರವಿನಿಂದ ಅಲ್ಲಿರುವ ಕೆಲವು ಪದಾರ್ಥಗಳನ್ನು ಬೇರೆ ರೂಪಕ್ಕೆ ತಿರುಗಿಸುತ್ತದೆ. ಇದಕ್ಕೆ ಶಾಸ್ತ್ರಜ್ಞರು ಉತ್ಕರ್ಷಣವೆನ್ನುತ್ತಾರೆ. ಕಬ್ಬಿಣಕ್ಕೆ ತುಕ್ಕು ಹಿಡಿಯುವುದೂ ಉತ್ಕರ್ಷಣವೇ. ಬಾಳೆಯ ಹಣ್ಣಿನಲ್ಲಿ ಹೀಗೆ ಕಪ್ಪಾಗುವ ಪದಾರ್ಥ ಯಾವುದೆಂದು 1959ರಲ್ಲಿ ಗುರುತಿಸಿದಾಗ ಅದು ಡೋಪಮೀನ್ ಎಂದು ತಿಳಿದುಬಂದಿತು. ನಮ್ಮ ಮಿದುಳಿನ ನರಗಳು ಒಂದಕ್ಕೊಂದು ಸುದ್ದಿ ಕಳಿಸಲು ಬಳಸುವ ಪದಾರ್ಥವೂ ಇದೇ ಡೋಪಮೀನ್!

ಬಾಳೆಹಣ್ಣು ತಿಂದರೆ ಅದರ ಡೋಪಮೀನ್ ಮಿದುಳಿಗೆ ಏರುತ್ತದೆಂದು ಯಾರೂ ಭಾವಿಸಬೇಕಾಗಿಲ್ಲ. ರಕ್ತದಿಂದ ಮಿದುಳಿಗೆ ಹೋಗುವ ಬಾಗಿಲಲ್ಲಿ ಅದಕ್ಕೆ ಪ್ರವೇಶವಿಲ್ಲ. ಆದರೆ ಒಂದು ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ತಾಮ್ರ ಹೊತ್ತ ಒಂದು ಕಿಣ್ವ ಬಾಳೆಯಲ್ಲಿ ಡೋಪಮೀನನ್ನು ಕೆಡಿಸಬಲ್ಲುದಾದರೆ, ನಮ್ಮ ನೆತ್ತರಿನಲ್ಲಿಯೂ ಅಂತಹದೊಂದು ಇದ್ದು, ನಮ್ಮ ನರಗಳ ರಸವನ್ನು ಕೆಡಿಸಿ, ಬುದ್ಧಿಯನ್ನೇ ಕಲಕಬಹುದೆ? ಸುಮಾರು ಎಪ್ಪತ್ತು ವರ್ಷಗಳ ಹಿಂದೆ ಇಂತಹದೇ ಪ್ರಶ್ನೆಯನ್ನು ದೊಡ್ಡ ದೊಡ್ಡ ವೈದ್ಯರು ಕೇಳಿದರು. ಹೌದೆಂದೇ ಕೆಲವರು ಉತ್ತರ ಕೊಟ್ಟರು. ಆ ಉತ್ತರ ನಿಲ್ಲಲಿಲ್ಲ. ಅದು ಹೇಗೆ ಬಿದ್ದಿತು, ಬಿದ್ದ ಮೇಲೆ ಏನು ಉಳಿಯಿತು ಎಂಬುದು ಸಂಸಾರವಂದಿಗರೆಲ್ಲ ತಿಳಿಯತಕ್ಕ ವಿಷಯವೆಂದು ನಮಗೆ ತೋರಿದೆ.

ನಾವು ವೈದ್ಯರಲ್ಲ, ರಸಾಯನಶಾಸ್ತ್ರ ಓದಿದವರೂ ಅಲ್ಲ. ಬಿ.ಎ. ಮುಗಿಸಿ ಸರ್ಕಾರಿ ಕಚೇರಿಯ ಕಡತಗಳ ನಡುವೆ ಹೊಟ್ಟೆ ಹೊರೆಯುವ ಗುಮಾಸ್ತರು. ಆದುದರಿಂದ ನಮಗೆ ಅರ್ಥವಾದ ಮಟ್ಟಿಗೆ, ಅರ್ಥವಾದ ಮಾತಿನಲ್ಲಿ ಹೇಳುತ್ತೇವೆ.

ಮೂರು ರಸಗಳು, ಒಂದು ಕಿಣ್ವ

ಅಡ್ರಿನಲಿನ್, ನಾರ್‌ಅಡ್ರಿನಲಿನ್, ಡೋಪಮೀನ್ ಇವು ಒಂದೇ ಮನೆಯ ಅಣ್ಣತಮ್ಮಂದಿರು. ಕತ್ತಲಲ್ಲಿ ಹಗ್ಗ ಕಂಡು ಹಾವೆಂದು ಬೆಚ್ಚಿದಾಗ ಎದೆ ಡವಗುಟ್ಟಿ ಕೈಕಾಲಿಗೆ ಎಲ್ಲಿಲ್ಲದ ಕಸುವು ಬರುತ್ತದೆಯಲ್ಲ, ಅದು ಮೂತ್ರಪಿಂಡಗಳ ನೆತ್ತಿಯ ಮೇಲೆ ಕುಳಿತ ಗ್ರಂಥಿಗಳು ರಕ್ತಕ್ಕೆ ಬಿಟ್ಟ ಅಡ್ರಿನಲಿನ್ನಿನ ಪ್ರಭಾವ. ಅಮೆರಿಕದಲ್ಲಿ ನೆಲೆಸಿದ್ದ ಜಪಾನೀ ವಿಜ್ಞಾನಿ ಜೋಕಿಚಿ ತಕಾಮಿನೆ 1901ರ ಹೊತ್ತಿಗೆ ಇದನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದ್ದನು. ನಾರ್‌ಅಡ್ರಿನಲಿನ್ ನರಗಳ ತುದಿಯಿಂದ ಹೊರಡುವ ದೂತನೆಂದು ಸ್ವೀಡನ್ನಿನ ಉಲ್ಫ್ ಫಾನ್ ಆಯ್ಲರ್ 1946ರಲ್ಲಿ ತೋರಿಸಿದನು. ಡೋಪಮೀನ್ ಮಿದುಳಿನಲ್ಲಿ ಸ್ವತಂತ್ರ ದೂತನೆಂದು ಅದೇ ದೇಶದ ಆರ್ವಿಡ್ ಕಾರ್ಲ್‌ಸನ್ 1950ರ ದಶಕದ ಕೊನೆಯಲ್ಲಿ ತೋರಿಸಿದನು. ಇವರಿಬ್ಬರಿಗೂ ನೊಬೆಲ್ ಬಹುಮಾನ ಸಂದಿತು, ಮೊದಲನೆಯವನಿಗೆ 1970ರಲ್ಲಿ, ಎರಡನೆಯವನಿಗೆ 2000ದಲ್ಲಿ.

ಇನ್ನು ಕಿಣ್ವದ ಮಾತು. ಕಿಣ್ವವೆಂದರೆ ಕಚೇರಿಯ ಗುಮಾಸ್ತನಿದ್ದ ಹಾಗೆ. ಅರ್ಜಿ ಬರುತ್ತದೆ, ಗುಮಾಸ್ತ ಷರಾ ಬರೆದು ಮೊಹರು ಒತ್ತಿ ಮುಂದಿನ ಮೇಜಿಗೆ ಕಳಿಸುತ್ತಾನೆ. ಬದಲಾಗುವುದು ಅರ್ಜಿ. ಗುಮಾಸ್ತನಾದರೋ ಅದೇ ಕುರ್ಚಿಯಲ್ಲಿ ಮುಂದಿನ ಅರ್ಜಿಗೆ ಕಾದು ಕುಳಿತಿರುತ್ತಾನೆ. ಅವನಿಲ್ಲದಿದ್ದರೆ ಕೆಲಸ ಆಗುವುದೇ ಇಲ್ಲವೆಂದಲ್ಲ, ವರ್ಷಗಟ್ಟಲೆ ಹಿಡಿದೀತು. ಜೀವದ ವ್ಯವಹಾರಕ್ಕೆ ಅಷ್ಟು ವ್ಯವಧಾನವಿಲ್ಲವಾದ್ದರಿಂದ ದೇಹದಲ್ಲಿ ಸಾವಿರಾರು ಕಿಣ್ವಗಳು ದುಡಿಯುತ್ತವೆ.

1948ರಲ್ಲಿ ಸ್ವೀಡನ್ನಿನ ಹೋಲ್ಮ್‌ಬರ್ಗ್ ಮತ್ತು ಲಾರೆಲ್ ಎಂಬ ಇಬ್ಬರು ರಕ್ತದ ತಿಳಿಯಿಂದ ಒಂದು ಹೊಸ ಪ್ರೋಟೀನನ್ನು ಬೇರ್ಪಡಿಸಿದರು. ರಕ್ತವನ್ನು ಹೆಪ್ಪುಗಟ್ಟಲು ಬಿಟ್ಟರೆ ಕೆಂಪು ಗಡ್ಡೆಯಾಗಿ ಕೂತು ಮೇಲೆ ಹಳದಿ ತಿಳಿ ನಿಲ್ಲುವುದಷ್ಟೆ. ಆ ತಿಳಿಯಲ್ಲಿದ್ದದ್ದು ಇದು. ಬೇರ್ಪಡಿಸಿ ನೋಡಿದರೆ ಬಣ್ಣ ನೀಲಿ! ಲ್ಯಾಟಿನ್ ಭಾಷೆಯಲ್ಲಿ ಆಕಾಶದ ನೀಲಿಗೆ ಇರುವ ಮಾತನ್ನು ಹಿಡಿದು ಅದಕ್ಕೆ ಸೆರುಲೋಪ್ಲಾಸ್ಮಿನ್ ಎಂದು ಹೆಸರಿಟ್ಟರು. ನೀಲಿಗೆ ಕಾರಣ ಅದರೊಳಗಿನ ತಾಮ್ರ. ಒಂದೊಂದು ಅಣುವಿನಲ್ಲಿ ಆರಾರು ತಾಮ್ರದ ಪರಮಾಣುಗಳು ಭದ್ರವಾಗಿ ಕೂತಿವೆ. ಯಕೃತ್ತು ಇದನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ. ನೂರು ಮಿಲಿಲೀಟರು ತಿಳಿಯಲ್ಲಿ ಸಾಧಾರಣವಾಗಿ 20ರಿಂದ 40 ಮಿಲಿಗ್ರಾಮಿನಷ್ಟು ಇರುತ್ತದೆ. ರಕ್ತದ ತಿಳಿಯಲ್ಲಿ ಓಡಾಡುವ ತಾಮ್ರದ ಬಹುಪಾಲು ಇದರ ಒಡಲಲ್ಲಿಯೇ ಇರುವುದು. ಬಸುರಿಯಲ್ಲಿ ಇದರ ಪ್ರಮಾಣ ಏರುತ್ತದೆ. ಆಗ ರಕ್ತದ ತಿಳಿಗೆ ಒಮ್ಮೊಮ್ಮೆ ಹಸುರು ಛಾಯೆ ಬರುವುದೂ ಉಂಟು.

ಈ ನೀಲಿ ಪ್ರೋಟೀನು ಕಿಣ್ವವೂ ಹೌದು. ಪ್ರಯೋಗಶಾಲೆಯ ಗಾಜಿನ ಕೊಳವೆಯಲ್ಲಿ ಅಡ್ರಿನಲಿನ್, ನಾರ್‌ಅಡ್ರಿನಲಿನ್, ಡೋಪಮೀನ್‌ಗಳನ್ನು ಇದರೊಡನೆ ಇಟ್ಟರೆ ಮೆಲ್ಲಗೆ ಉತ್ಕರ್ಷಣವಾಗುತ್ತದೆ. ಬಾಳೆಯ ಕಿಣ್ವದ ಕೆಲಸವೇ, ಆದರೆ ಬಹಳ ನಿಧಾನ.

ಗುಲಾಬಿ ಬಣ್ಣದ ಸಂಶಯ

ಅಡ್ರಿನಲಿನ್ ಔಷಧಿಯಾಗಿಯೂ ಬಳಕೆಯಲ್ಲಿದೆ. ಅದರ ದ್ರಾವಣ ಹಳೆಯದಾಗಿ ಗಾಳಿ ತಗುಲಿದರೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಅಂತಹದನ್ನು ಆಸ್ಪತ್ರೆಯ ದಾದಿಯರು ಚೆಲ್ಲಿಬಿಡುತ್ತಾರೆ. ಗುಲಾಬಿ ಬಣ್ಣ ಅಡ್ರಿನೋಕ್ರೋಮ್ ಎಂಬ ಉತ್ಕರ್ಷಿತ ಪದಾರ್ಥದ್ದು.

1952ರಲ್ಲಿ ಹಂಫ್ರಿ ಆಸ್ಮಂಡ್, ಜಾನ್ ಸ್ಮೈದೀಸ್ ಎಂಬ ಇಬ್ಬರು ಬ್ರಿಟಿಷ್ ಮನೋವೈದ್ಯರು ಒಂದು ಸಂಗತಿಯನ್ನು ಎತ್ತಿ ಹೇಳಿದರು. ಮೆಸ್ಕಲಿನ್ ಎಂಬ, ಕಳ್ಳಿಯ ಜಾತಿಯ ಒಂದು ಗಿಡದಿಂದ ಬರುವ ವಸ್ತುವನ್ನು ಸೇವಿಸಿದವರಿಗೆ ಇಲ್ಲದ ದೃಶ್ಯಗಳು ಕಾಣುತ್ತವೆ. ಆ ಮೆಸ್ಕಲಿನ್ನಿನ ರಚನೆ ಅಡ್ರಿನಲಿನ್ನಿನ ರಚನೆಯನ್ನು ಹೋಲುತ್ತದೆ. ಹಾಗಿದ್ದರೆ ಕೆಲವರ ದೇಹ ತನ್ನ ಅಡ್ರಿನಲಿನ್ನನ್ನೇ ಅಡ್ಡದಾರಿಯಲ್ಲಿ ಬದಲಿಸಿ ಮನಸ್ಸಿಗೆ ವಿಷವಾಗುವ ಪದಾರ್ಥವನ್ನು ಮಾಡುತ್ತಿರಬಹುದಲ್ಲವೆ? ಆಸ್ಮಂಡ್ ಕೆನಡಾದ ಸಸ್ಕಾಚೆವಾನ್ ಪ್ರಾಂತದ ವೇಬರ್ನ್ ಮಾನಸಿಕ ಆಸ್ಪತ್ರೆಯಲ್ಲಿದ್ದಾಗ, 1954ರಲ್ಲಿ, ಏಬ್ರಮ್ ಹಾಫರ್ ಎಂಬ ವೈದ್ಯನೂ ಸೇರಿ ಆ ಪದಾರ್ಥ ಅಡ್ರಿನೋಕ್ರೋಮ್ ಇರಬಹುದೆಂದು ಸಾರಿದರು. ತಮ್ಮ ಮೇಲೆಯೇ ಅದನ್ನು ಪ್ರಯೋಗಿಸಿಕೊಂಡು, ನೋಟದಲ್ಲಿಯೂ ಭಾವನೆಯಲ್ಲಿಯೂ ವ್ಯತ್ಯಾಸ ಕಂಡಿತೆಂದು ಬರೆದರು. ಅವರು ಅರಸುತ್ತಿದ್ದದ್ದು ಸ್ಕಿಜೊಫ್ರೀನಿಯಾದ ಮೂಲವನ್ನು.

ಸ್ಕಿಜೊಫ್ರೀನಿಯಾ ಎಂದರೆ ಏನು? ತಾರುಣ್ಯದಲ್ಲಿ, ಓದು ಮುಗಿದು ಕೆಲಸ ಸಿಗುವ ವಯಸ್ಸಿನಲ್ಲಿ, ಸಾಮಾನ್ಯವಾಗಿ ಕಾಣಿಸಿಕೊಳ್ಳುವ ಬುದ್ಧಿಯ ಬೇನೆ ಇದು. ಯಾರೂ ಆಡದ ಮಾತು ಕಿವಿಗೆ ಕೇಳುತ್ತದೆ. ನೆರೆಯವರು ಸಂಚು ಹೂಡಿದ್ದಾರೆಂಬ ನಂಬಿಕೆ ಬೇರೂರುತ್ತದೆ. ನಗುನಗುತ್ತಿದ್ದ ಹುಡುಗ ಬಾಗಿಲು ಹಾಕಿಕೊಂಡು ಕೂರುತ್ತಾನೆ. ಲೋಕದಲ್ಲಿ ಸುಮಾರು 300 ಮಂದಿಗೆ ಒಬ್ಬರಂತೆ ಇದರಿಂದ ಬಳಲುತ್ತಿದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಆ ಕಾಲದ ಮನೆಯವರ ಪಾಡು ಇನ್ನೂ ಕಠಿಣವಾಗಿತ್ತು. ಮಗುವನ್ನು ಬೆಳೆಸಿದ ತಾಯಿಯ ನಡತೆಯೇ ಈ ರೋಗ ತರುತ್ತದೆ ಎಂಬ ವಾದ ಅಮೆರಿಕದಲ್ಲಿ ಬಲವಾಗಿತ್ತು. 1948ರಲ್ಲಿ ಫ್ರೀಡಾ ಫ್ರಾಮ್ ರೈಖ್‌ಮನ್ ಎಂಬ ಹೆಸರಾಂತ ಮನೋವೈದ್ಯೆ ಅಂತಹ ತಾಯಂದಿರಿಗೆ ಒಂದು ಶಾಸ್ತ್ರೀಯ ಹೆಸರನ್ನೂ ಕೊಟ್ಟಿದ್ದಳು. ಮಗನೂ ಕೈಬಿಟ್ಟು ಹೋದ, ಅಪವಾದವೂ ತಲೆಗೆ ಬಂದಿತು! ಇಂತಹ ತಾಯಿಗೆ, ‘ಅಮ್ಮಾ, ಇದು ನಿನ್ನ ತಪ್ಪಲ್ಲ, ರಕ್ತದಲ್ಲಿ ಒಂದು ಕಿಣ್ವ ಕೆಟ್ಟಿದೆ’ ಎಂದು ಯಾರಾದರೂ ಹೇಳಿದರೆ ಎಷ್ಟು ದೊಡ್ಡ ಸಮಾಧಾನ! ರಕ್ತ ಪರೀಕ್ಷೆಯ ಸುದ್ದಿಗೆ ಜನ ಏಕೆ ಹಾತೊರೆದರೆಂಬುದು ಇದರಿಂದ ಅರ್ಥವಾಗುತ್ತದೆ.

ಎರಡು ಪರೀಕ್ಷೆಗಳು

ಅಂತಹ ಸುದ್ದಿ ಬಂದೇ ಬಂದಿತು, ಒಂದಲ್ಲ ಎರಡು. ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಟ್ಯುಲೇನ್ ವಿಶ್ವವಿದ್ಯಾಲಯದಲ್ಲಿ ಲೀಚ್ ಮತ್ತು ಹೀತ್ ಎಂಬುವರು 1956ರಲ್ಲಿ, ಸ್ಕಿಜೊಫ್ರೀನಿಯಾ ರೋಗಿಗಳ ರಕ್ತರಸಕ್ಕೆ ಅಡ್ರಿನಲಿನ್ ಬೆರೆಸಿದರೆ ಆರೋಗ್ಯವಂತರ ರಕ್ತರಸದಲ್ಲಿ ಆಗುವುದಕ್ಕಿಂತ ಬೇಗ ಉತ್ಕರ್ಷಣವಾಗುತ್ತದೆಂದು ಪ್ರಕಟಿಸಿದರು. ಕೆಲಸ ಮಾಡುತ್ತಿದ್ದುದು ತಾಮ್ರದ ಆ ನೀಲಿ ಪ್ರೋಟೀನೇ ಎಂದು ಊಹೆ. ಹೀತ್ ಅಷ್ಟಕ್ಕೆ ನಿಲ್ಲದೆ, ರೋಗಿಗಳ ರಕ್ತದಿಂದ ಸೆರುಲೋಪ್ಲಾಸ್ಮಿನ್ನಿಗೆ ಹತ್ತಿರದ ಟರಾಕ್ಸಿನ್ ಎಂಬ ಪದಾರ್ಥವನ್ನು ತೆಗೆದೆನೆಂದನು. ಲೂಯಿಸಿಯಾನಾದ ಸೆರೆಮನೆಯ ಕೈದಿಗಳಲ್ಲಿ ಒಪ್ಪಿದವರಿಗೆ ಅದನ್ನು ಚುಚ್ಚಿ, ಸ್ವಲ್ಪ ಹೊತ್ತು ಅವರಲ್ಲಿಯೂ ರೋಗದ ಲಕ್ಷಣ ಕಂಡಿತೆಂದನು. ಬೇರೆಯವರು ಮಾಡಿ ನೋಡಿದಾಗ ಅದು ಕಂಡುಬರಲಿಲ್ಲ.

ಎರಡನೆಯದು ಸ್ವೀಡನ್ನಿನ ಸ್ಟಿಗ್ ಓಕರ್‌ಫೆಲ್ಟನ ಪರೀಕ್ಷೆ, 1957ರದು. ಇದು ನೋಡಲು ಇನ್ನೂ ಸುಲಭ. ರಕ್ತದ ತಿಳಿಗೆ ಒಂದು ರಾಸಾಯನಿಕವನ್ನು ಹಾಕಿದರೆ ಸೆರುಲೋಪ್ಲಾಸ್ಮಿನ್ ಅದನ್ನು ಉತ್ಕರ್ಷಿಸಿ ಕೆಂಪಾಗಿಸುತ್ತದೆ. ರೋಗಿಗಳ ರಕ್ತದಲ್ಲಿ ಕೆಂಪು ಬೇಗ ಬರುತ್ತಿತ್ತು, ಆರೋಗ್ಯವಂತರ ರಕ್ತದಲ್ಲಿ ತಡವಾಗಿ. ಹುಚ್ಚನ್ನು ಬಣ್ಣ ನೋಡಿ ಹೇಳುವ ಕಾಲ ಬಂದಿತೆಂದು ಪತ್ರಿಕೆಗಳಿಗೆ ಸಂಭ್ರಮವೋ ಸಂಭ್ರಮ.

ಊಟದ ತಟ್ಟೆಯಲ್ಲಿದ್ದ ಉತ್ತರ

ಆದರೆ ವಿಜ್ಞಾನದಲ್ಲಿ ಒಬ್ಬನು ಹೇಳಿದ್ದನ್ನು ಇನ್ನೊಬ್ಬನು ಮಾಡಿ ನೋಡದೆ ಒಪ್ಪುವ ಪದ್ಧತಿಯಿಲ್ಲ. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಸೀಮೂರ್ ಕೆಟಿ ಎಂಬ ಶಾಸ್ತ್ರಜ್ಞನ ಬಳಗ ಇದನ್ನೆಲ್ಲ ತಾಳ್ಮೆಯಿಂದ ಒರೆಗೆ ಹಚ್ಚಿತು. ರೋಗಿಗಳ ರಕ್ತ ಯಾವುದು, ಆರೋಗ್ಯವಂತರ ರಕ್ತ ಯಾವುದು ಎಂಬುದಷ್ಟೇ ಅವರಿಗೆ ಸಾಲಲಿಲ್ಲ. ಈ ರೋಗಿಗಳು ಎಲ್ಲಿದ್ದಾರೆ, ಎಷ್ಟು ವರ್ಷದಿಂದ ಇದ್ದಾರೆ, ಏನು ಉಣ್ಣುತ್ತಿದ್ದಾರೆ ಎಂದೂ ಕೇಳಿದರು.

ಉತ್ತರ ಅಲ್ಲಿಯೇ ಇತ್ತು. ದೊಡ್ಡ ಆಸ್ಪತ್ರೆಗಳಲ್ಲಿ ಹತ್ತಾರು ವರ್ಷ ಬಿದ್ದುಕೊಂಡಿದ್ದ ಜನರ ಊಟದಲ್ಲಿ ಹಣ್ಣು ತರಕಾರಿ ಕಡಿಮೆ. ಆದ್ದರಿಂದ ರಕ್ತದಲ್ಲಿ ಸಿ ಜೀವಸತ್ವವೂ ಕಡಿಮೆ. ಸಿ ಜೀವಸತ್ವದ ಗುಣವೇ ಉತ್ಕರ್ಷಣವನ್ನು ತಡೆಯುವುದು. ನಿಂಬೆಯ ರಸ ಸೇಬಿನ ಹೋಳನ್ನು ಕಾಯುವುದೂ ಬಹುಮಟ್ಟಿಗೆ ಇದರಿಂದಲೇ. ರಕ್ತದಲ್ಲಿ ಅದು ಸಾಕಷ್ಟಿದ್ದರೆ ಕೊಳವೆಯಲ್ಲಿ ಬಣ್ಣ ತಡವಾಗಿ ಬರುತ್ತದೆ. ಇಲ್ಲದಿದ್ದರೆ ಬೇಗ ಬರುತ್ತದೆ. ಸಿ ಜೀವಸತ್ವ ಸರಿಯಾದ ಮಟ್ಟದಲ್ಲಿದ್ದಾಗ ರೋಗಿಯ ರಕ್ತಕ್ಕೂ ಆರೋಗ್ಯವಂತನ ರಕ್ತಕ್ಕೂ ಹೇಳತಕ್ಕ ಅಂತರವೇ ಉಳಿಯಲಿಲ್ಲ. ಪರೀಕ್ಷೆ ಅಳೆದದ್ದು ಹುಚ್ಚನ್ನಲ್ಲ, ಊಟವನ್ನು!

ಇದಲ್ಲದೆ, ಸೆರುಲೋಪ್ಲಾಸ್ಮಿನ್ ಬಸುರಿಯಲ್ಲಿ ಏರುತ್ತದೆ, ಸೋಂಕಿನಲ್ಲಿ ಏರುತ್ತದೆ, ಕ್ಯಾನ್ಸರಿನಲ್ಲಿ ಏರುತ್ತದೆ. ಅವರೆಲ್ಲರ ರಕ್ತವೂ ಕೊಳವೆಯಲ್ಲಿ ಬೇಗ ಕೆಂಪಾಗಬಹುದು. ಬಸುರಿ ಹೆಂಗಸನ್ನು ಬುದ್ಧಿಗೆಟ್ಟವಳೆನ್ನುವ ಪರೀಕ್ಷೆಯಿಂದ ಪ್ರಯೋಜನವೇನು? ಗುಲಾಬಿ ಬಣ್ಣದ ಅಡ್ರಿನೋಕ್ರೋಮನ್ನಾದರೂ ರಕ್ತದಲ್ಲಿ ಹುಡುಕೋಣವೆಂದು ಹೊರಟವರಿಗೆ 1958ರಲ್ಲಿ ಅದು ರೋಗಿಗಳಲ್ಲಿಯೂ ಸಿಕ್ಕಲಿಲ್ಲ, ಆರೋಗ್ಯವಂತರಲ್ಲಿಯೂ ಸಿಕ್ಕಲಿಲ್ಲ. 1959ರಲ್ಲಿ ಕೆಟಿ ಈ ಎಲ್ಲ ವಾದಗಳನ್ನು ಎರಡು ದೀರ್ಘ ಲೇಖನಗಳಲ್ಲಿ ವಿಮರ್ಶಿಸಿದನು.

ಅದೇ ವರ್ಷದ ಇನ್ನೊಂದು ಸಂಗತಿ ಕಾಫಿಪ್ರಿಯರಾದ ನಾವು ನೆನಪಿಡತಕ್ಕದ್ದು. ರೋಗಿಗಳ ಮೂತ್ರದಲ್ಲಿ ಕೆಲವು ವಿಶೇಷ ಆಮ್ಲಗಳು ಹೆಚ್ಚಾಗಿವೆಯೆಂದು ಕೆಲವರು ಕಂಡಿದ್ದರು. ವಿಚಾರಿಸಿ ನೋಡಿದರೆ ಅವು ಬಂದದ್ದು ಕುಡಿದ ಕಾಫಿಯಿಂದ. ಆ ಆಸ್ಪತ್ರೆಯ ರೋಗಿಗಳು ಕಾಫಿಯನ್ನು ಹೆಚ್ಚು ಕುಡಿಯುತ್ತಿದ್ದರು, ಅಷ್ಟೆ.

ಕಚೇರಿಯಲ್ಲಿ ಎರಡು ಕಡತಗಳನ್ನು ಹೋಲಿಸುವಾಗ ಅವೆರಡೂ ಒಂದೇ ವರ್ಷದವೆ, ಒಂದೇ ನಮೂನೆಯವೆ ಎಂದು ಮೊದಲು ನೋಡಬೇಕೆಂದು ನಮ್ಮ ಹಿರಿಯ ಗುಮಾಸ್ತರು ಹೇಳಿಕೊಡುತ್ತಾರೆ. ಇಲ್ಲದಿದ್ದರೆ ಲೆಕ್ಕದಲ್ಲಿ ಕಂಡ ಅಂತರ ಕಳ್ಳತನವೋ, ಬರಿಯ ನಮೂನೆಯ ವ್ಯತ್ಯಾಸವೋ ತಿಳಿಯುವುದಿಲ್ಲ. ಹತ್ತು ವರ್ಷ ಆಸ್ಪತ್ರೆಯ ಗಂಜಿ ಉಂಡವನನ್ನು ಮನೆಯಲ್ಲಿ ಹಣ್ಣು ತಿಂದವನ ಪಕ್ಕದಲ್ಲಿ ನಿಲ್ಲಿಸಿ ಅಳೆದರೆ ಆಗುವ ತಪ್ಪೂ ಇದೇ.

ಸೋತ ಊಹೆಯ ಲಾಭ

ಹಾಗೆಂದು ಆ ಊಹೆ ವ್ಯರ್ಥವಾಯಿತೆ? ಇಲ್ಲ. ಕೆಟಿಯ ಸಂಸ್ಥೆಯಲ್ಲಿ ಜೂಲಿಯಸ್ ಆಕ್ಸೆಲ್‌ರಾಡ್ ಎಂಬುವನಿದ್ದನು. ನ್ಯೂಯಾರ್ಕಿನ ಬಡ ಬುಟ್ಟಿ ಹೆಣೆಯುವವನ ಮಗ. ಬಹುಕಾಲ ಪ್ರಯೋಗಶಾಲೆಯ ಸಹಾಯಕನಾಗಿ ದುಡಿದು, ಡಾಕ್ಟರೇಟ್ ಪದವಿ ಪಡೆದದ್ದು 1955ರಲ್ಲಿ, ನಲವತ್ತು ದಾಟಿದ ಮೇಲೆ. ಅಡ್ರಿನೋಕ್ರೋಮಿನ ಸುದ್ದಿಯನ್ನು ಕೆಟಿಯ ಬಾಯಿಂದ ಕೇಳಿ, ಅಡ್ರಿನಲಿನ್ನನ್ನು ದೇಹ ನಿಜಕ್ಕೂ ಏನು ಮಾಡುತ್ತದೆಂದು ನೋಡಲು ಅವನು ಕುಳಿತನು. ಕೆಲವು ತಿಂಗಳು ಅಡ್ರಿನೋಕ್ರೋಮ್ ಮಾಡುವ ಕಿಣ್ವವನ್ನು ಹುಡುಕಿದನು, ಸಿಕ್ಕಲಿಲ್ಲ. ಹುಡುಕಾಟದ ದಾರಿಯಲ್ಲಿ 1957ರಲ್ಲಿ ಬೇರೊಂದು ಕಿಣ್ವ ಸಿಕ್ಕಿತು. ಅಡ್ರಿನಲಿನ್ ಬಳಗವನ್ನು ದೇಹ ಮುಖ್ಯವಾಗಿ ಇಂತಹ ಕಿಣ್ವಗಳ ಮೂಲಕವೇ ನಿಷ್ಕ್ರಿಯಗೊಳಿಸುತ್ತದೆ, ತಾಮ್ರದ ನೀಲಿ ಪ್ರೋಟೀನಿನಿಂದಲ್ಲ. ಮುಂದೆ, ನರದ ತುದಿ ತಾನು ಬಿಟ್ಟ ದೂತನನ್ನು ತಾನೇ ಮತ್ತೆ ಒಳಗೆ ಕರೆದುಕೊಳ್ಳುತ್ತದೆಂಬುದನ್ನೂ ಅವನು ತೋರಿಸಿದನು. ಮನಸ್ಸಿನ ಖಿನ್ನತೆಗೆ ಇಂದು ಕೊಡುವ ಅನೇಕ ಮಾತ್ರೆಗಳು ಕೆಲಸ ಮಾಡುವುದು ಈ ಬಾಗಿಲಿನಲ್ಲಿಯೇ. 1970ರ ನೊಬೆಲ್ ಬಹುಮಾನದಲ್ಲಿ ಫಾನ್ ಆಯ್ಲರನೊಡನೆ ಆಕ್ಸೆಲ್‌ರಾಡನಿಗೂ ಪಾಲು ದೊರಕಿತು.

ಹಾಗಾದರೆ ಆ ನೀಲಿ ಪ್ರೋಟೀನಿನ ಸ್ವಂತ ಕೆಲಸವಾದರೂ ಏನು? 1966ರಲ್ಲಿ ಉತ್ತರ ಸಿಕ್ಕಿತು. ಅದು ಉತ್ಕರ್ಷಿಸುವುದು ಮುಖ್ಯವಾಗಿ ಕಬ್ಬಿಣವನ್ನು. ಕೋಶಗಳಿಂದ ಹೊರಬಂದ ಕಬ್ಬಿಣವನ್ನು ತಕ್ಕ ರೂಪಕ್ಕೆ ತಿರುಗಿಸಿ, ಅದನ್ನು ಹೊತ್ತು ಸಾಗುವ ಇನ್ನೊಂದು ಪ್ರೋಟೀನಿಗೆ ಒಪ್ಪಿಸುವುದು ಇದರ ಕಾಯಕ. 1987ರಲ್ಲಿ ಜಪಾನಿನ ವೈದ್ಯರು ಸೆರುಲೋಪ್ಲಾಸ್ಮಿನ್ ಇಲ್ಲವೇ ಇಲ್ಲವೆನ್ನಬಹುದಾದ ಒಬ್ಬ ನಡುವಯಸ್ಸಿನ ಹೆಂಗಸನ್ನು ವರ್ಣಿಸಿದರು. ಆಕೆಯ ಮಿದುಳಿನಲ್ಲಿಯೂ ಯಕೃತ್ತಿನಲ್ಲಿಯೂ ಕಬ್ಬಿಣ ಶೇಖರವಾಗಿತ್ತು. ಟಪಾಲು ಸಾಗಿಸುವವನಿಲ್ಲದೆ ಕಚೇರಿಯಲ್ಲಿ ಕಾಗದ ರಾಶಿ ಬಿದ್ದ ಹಾಗೆ.

ಈ ಪರೀಕ್ಷೆ ಜೀವ ಉಳಿಸುವ ಸಂದರ್ಭ

ಸ್ಕಿಜೊಫ್ರೀನಿಯಾಕ್ಕೆ ಸೆರುಲೋಪ್ಲಾಸ್ಮಿನ್ ಗುರುತಲ್ಲ. ಆದರೆ ಮನಸ್ಸಿನ ಬೇನೆಯ ವೇಷದಲ್ಲಿ ಬರುವ ಇನ್ನೊಂದು ರೋಗಕ್ಕೆ ಅದು ಬಹಳ ದೊಡ್ಡ ಗುರುತು. ನಾವು ಈ ಲೇಖನ ಬರೆದದ್ದೇ ಮುಖ್ಯವಾಗಿ ಇದನ್ನು ಹೇಳಲು.

1912ರಲ್ಲಿ ಲಂಡನ್ನಿನ ನರರೋಗ ವೈದ್ಯ ಕಿನಿಯರ್ ವಿಲ್ಸನ್ ವರ್ಣಿಸಿದ ರೋಗವಿದು. ಅವನ ಹೆಸರೇ ಇದಕ್ಕೆ ನಿಂತಿದೆ. ಇದರಲ್ಲಿ ಯಕೃತ್ತು ಎರಡು ಕೆಲಸಗಳಲ್ಲಿ ಸೋಲುತ್ತದೆ: ತಾಮ್ರವನ್ನು ಸೆರುಲೋಪ್ಲಾಸ್ಮಿನ್ನಿಗೆ ತುಂಬಲಾರದು, ಹೆಚ್ಚಾದ ತಾಮ್ರವನ್ನು ಪಿತ್ತರಸದ ಮೂಲಕ ಹೊರಹಾಕಲಾರದು. ತಾಮ್ರ ಮೊದಲು ಯಕೃತ್ತಿನಲ್ಲಿ, ಆಮೇಲೆ ಮಿದುಳಿನಲ್ಲಿ ಕೂಡಿಕೊಳ್ಳುತ್ತದೆ. ರಕ್ತದಲ್ಲಿ ಮಾತ್ರ ಸೆರುಲೋಪ್ಲಾಸ್ಮಿನ್ ಇಳಿದುಹೋಗಿರುತ್ತದೆ. ಇದನ್ನು ಅಮೆರಿಕದ ಶೈನ್‌ಬರ್ಗ್ ಮತ್ತು ಗಿಟ್ಲಿನ್ 1952ರಲ್ಲಿ ಕಂಡುಹಿಡಿದರು.

ರೋಗ ಕಾಣುವುದು ಹೆಚ್ಚಾಗಿ ಹುಡುಗತನ, ತಾರುಣ್ಯಗಳಲ್ಲಿ. ಕೆಲವರಿಗೆ ಕಾಮಾಲೆಯಾಗಿ, ಕೆಲವರಿಗೆ ಕೈನಡುಕವಾಗಿ, ತೊದಲುವ ಮಾತಾಗಿ, ಕೆಟ್ಟ ಕೈಬರಹವಾಗಿ ಬರುತ್ತದೆ. ಇನ್ನು ಕೆಲವರಲ್ಲಿ ಮೊದಲು ಕಾಣುವುದೇ ಸ್ವಭಾವದ ಬದಲಾವಣೆ: ಸಿಟ್ಟು, ಮಂಕು, ಓದಿನಲ್ಲಿ ಇಳಿತ, ಕೆಲವೊಮ್ಮೆ ನಿಜವಾದ ಬುದ್ಧಿಭ್ರಮಣೆ. ‘ಹುಡುಗ ಪುಂಡನಾದ’, ‘ಹುಡುಗಿಗೆ ಗಾಳಿ ಸೋಕಿದೆ’ ಎನ್ನುವುದರಲ್ಲಿಯೇ ವರ್ಷ ಕಳೆದುಹೋಗುತ್ತದೆ. ಊರಿನಿಂದ ದೂರವಿರುವ ನಮ್ಮಂತಹ ಸಂಸಾರಗಳಲ್ಲಿ ಇದು ಇನ್ನೂ ಗುಟ್ಟಿನ ಮಾತು. ಇಲ್ಲಿ ನೆರೆಯವರಿಗೆ ತಿಳಿಯಬಾರದು, ಅಲ್ಲಿ ಊರಿನವರಿಗೆ ತಿಳಿಯಬಾರದು. ರಜೆ ಹಾಕಿ ಹುಡುಗನನ್ನು ಊರಿಗೆ ಕರೆದೊಯ್ದು ಹರಕೆ ತೀರಿಸಿ ಬರುತ್ತೇವೆ. ಹರಕೆ ಬೇಡವೆಂದು ನಾವು ಹೇಳುವುದಿಲ್ಲ. ಹರಕೆಯ ಜೊತೆಗೆ ವೈದ್ಯನ ಬಳಿಗೂ ಹೋಗಬೇಕೆನ್ನುತ್ತೇವೆ. ಏಕೆಂದರೆ ವಿಲ್ಸನ್ ರೋಗವನ್ನು ಹಾಗೆಯೇ ಬಿಟ್ಟರೆ ಪ್ರಾಣಾಂತಿಕ. ಬೇಗ ಗುರುತಿಸಿದರೆ ಮದ್ದು ಉಂಟು. ಜಾನ್ ವಾಲ್ಷ್ 1956ರಲ್ಲಿ ಪೆನಿಸಿಲಮೈನ್ ಎಂಬ ಮಾತ್ರೆ ಕೂಡಿಕೊಂಡ ತಾಮ್ರವನ್ನು ಮೂತ್ರದಲ್ಲಿ ಹೊರತರುತ್ತದೆಂದು ತೋರಿಸಿದನು. ಅನಂತರ ಬೇರೆ ಔಷಧಿಗಳೂ ಬಂದವು. ಸತುವಿನ ಲವಣವೂ ಅವುಗಳಲ್ಲಿ ಒಂದು. ಅದು ಕರುಳಿನಲ್ಲಿಯೇ ತಾಮ್ರವನ್ನು ತಡೆಯುತ್ತದೆ. ಔಷಧಿ ಜೀವಮಾನವಿಡೀ ಬೇಕು. ಗುಣವಾಯಿತೆಂದು ನಡುವೆ ನಿಲ್ಲಿಸುವುದು ಅಪಾಯ.

ಗುರುತಿಸುವ ಬಗೆ ಅಷ್ಟೇನೂ ಕಷ್ಟವಲ್ಲ. ರಕ್ತದ ಸೆರುಲೋಪ್ಲಾಸ್ಮಿನ್ ಅಳೆಯುವುದು. ಒಂದು ಹಗಲು ಒಂದು ರಾತ್ರಿಯ ಮೂತ್ರದಲ್ಲಿ ತಾಮ್ರವೆಷ್ಟೆಂದು ನೋಡುವುದು. ಕಣ್ಣಿನ ವೈದ್ಯನ ದೀಪದ ಯಂತ್ರದಲ್ಲಿ ಕಪ್ಪುಗುಡ್ಡೆಯ ಅಂಚಿನ ಕಂದು ಹಸುರಿನ ಉಂಗುರವನ್ನು ಹುಡುಕುವುದು. ಮೂರನ್ನೂ ಕೂಡಿಸಿ ವೈದ್ಯರು ತೀರ್ಮಾನಿಸುತ್ತಾರೆ. ಸೆರುಲೋಪ್ಲಾಸ್ಮಿನ್ ಒಂದನ್ನೇ ನೆಚ್ಚುವಂತಿಲ್ಲ; ಕೆಲವು ರೋಗಿಗಳಲ್ಲಿ ಅದು ಸರಿಯಾಗಿಯೇ ಇರುವುದೂ ಉಂಟು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಮೂವತ್ತು ವರ್ಷಗಳಲ್ಲಿ ತಾವು ನೋಡಿದ 282 ಮಂದಿ ವಿಲ್ಸನ್ ರೋಗಿಗಳ ವೃತ್ತಾಂತವನ್ನು 2007ರಲ್ಲಿ ಪ್ರಕಟಿಸಿದ್ದಾರೆ. ನಮ್ಮ ನಾಡಿಗೆ ಈ ರೋಗ ಹೊಸದಲ್ಲವೆಂಬುದಕ್ಕೆ ಇದೇ ಸಾಕ್ಷಿ.

ಇನ್ನೊಂದು ಮಾತನ್ನು ಸ್ವಲ್ಪ ಸಂಕೋಚದಿಂದಲೇ ಹೇಳಬೇಕಾಗಿದೆ. ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಬೀಜಾಂಶ ಬಂದರೆ ಮಾತ್ರ ಈ ರೋಗ ತಲೆದೋರುತ್ತದೆ. ರಕ್ತಸಂಬಂಧದೊಳಗೆ ಮದುವೆಯಾದಾಗ ಹಾಗೆ ಕೂಡಿಬರುವ ಸಂಭವ ಹೆಚ್ಚು. ಸೋದರಮಾವನಿಗೋ ಸೋದರತ್ತೆಯ ಮಗನಿಗೋ ಹೆಣ್ಣು ಕೊಡುವುದು ನಮ್ಮಲ್ಲಿ ತಲೆತಲಾಂತರದ ವಾಡಿಕೆ. ದೂರದ ಊರಿನಲ್ಲಿದ್ದರೂ ಅದನ್ನು ಬಿಟ್ಟವರು ಎಲ್ಲರೂ ಅಲ್ಲ. ಮನೆಯಲ್ಲಿ ಒಬ್ಬ ಮಗುವಿಗೆ ವಿಲ್ಸನ್ ರೋಗವೆಂದು ತಿಳಿದರೆ ಉಳಿದ ಪ್ರತಿಯೊಬ್ಬ ಒಡಹುಟ್ಟಿದವರಿಗೂ ನಾಲ್ಕರಲ್ಲಿ ಒಂದು ಪಾಲು ಸಂಭವವಿದೆ. ಅವರು ಎಷ್ಟೇ ಚೆನ್ನಾಗಿ ಕಂಡರೂ ಪರೀಕ್ಷೆ ಮಾಡಿಸುವುದು ಹಿರಿಯರ ಕರ್ತವ್ಯ. ರೋಗ ಕಾಣುವ ಮೊದಲೇ ಮದ್ದು ಆರಂಭಿಸಿದರೆ ಅವರು ಎಲ್ಲರಂತೆ ಬಾಳಬಲ್ಲರು.

ತಾಮ್ರದ ಪಾತ್ರೆಯ ಗತಿಯೇನೆಂದು ಅನೇಕ ಸೋದರಿಯರು ಕೇಳಬಹುದು. ಆರೋಗ್ಯವಂತರ ದೇಹಕ್ಕೆ ತುಸು ತಾಮ್ರ ಬೇಕೇ ಬೇಕು. ಹೆಚ್ಚಾದದ್ದನ್ನು ಯಕೃತ್ತು ಹೊರಹಾಕುತ್ತದೆ. ಚೊಂಬಿನ ನೀರಿನಿಂದ ವಿಲ್ಸನ್ ರೋಗ ಹುಟ್ಟುವುದಿಲ್ಲ. ಆದರೆ ಆ ರೋಗವಿರುವವರು ತಾಮ್ರದ ಪಾತ್ರೆಯನ್ನು ದೂರವಿಡಬೇಕು. ಎಳೆಯ ಮಕ್ಕಳ ಹಾಲಿನ ವಿಷಯದಲ್ಲಿ ಮಾತ್ರ ಎಲ್ಲರಿಗೂ ಎಚ್ಚರ ಬೇಕು. ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರದ ಪಾತ್ರೆಗಳಲ್ಲಿ ಹಾಲು ಕಾಯಿಸಿ ಇಟ್ಟರೆ ಹಾಲು ತಾಮ್ರವನ್ನು ಹೀರುತ್ತದೆ. ಹಸುಗೂಸುಗಳ ಯಕೃತ್ತನ್ನು ಕೆಡಿಸಿ ಬಲಿ ತೆಗೆದುಕೊಳ್ಳುತ್ತಿದ್ದ ಒಂದು ರೋಗಕ್ಕೆ ಇದೇ ಕಾರಣವಿರಬಹುದೆಂದು ಪುಣೆಯ ಮತ್ತು ಇಂಗ್ಲೆಂಡಿನ ವೈದ್ಯರು ಕೂಡಿ 1983ರಲ್ಲಿ ತೋರಿಸಿದರು. ಪಾತ್ರೆ ಬದಲಾದಂತೆ ಆ ರೋಗವೂ ಬಹಳ ಅಪರೂಪವಾಯಿತು.

ಮನೆಯವರಿಗೆ ಎರಡು ಮಾತು

ಸ್ಕಿಜೊಫ್ರೀನಿಯಾವನ್ನು ಖಚಿತವಾಗಿ ಹೇಳುವ ರಕ್ತಪರೀಕ್ಷೆ ಇಂದಿಗೂ ಬಳಕೆಯಲ್ಲಿಲ್ಲ. ಒಂದೇ ಹನಿ ರಕ್ತದಿಂದ ಮನಸ್ಸನ್ನೆಲ್ಲ ಓದುತ್ತೇವೆಂದು ಯಾರಾದರೂ ಜಾಹೀರಾತು ಕೊಟ್ಟರೆ ಓಕರ್‌ಫೆಲ್ಟನ ಕೆಂಪು ಬಣ್ಣವನ್ನು ನೆನೆಯಿರಿ. ತಾಯಿಯ ಸಾಕಣೆಯಿಂದ ಈ ರೋಗ ಬರುತ್ತದೆಂಬ ವಾದವೂ ಬಿದ್ದುಹೋಯಿತೆಂಬುದನ್ನು ಅದರ ಜೊತೆಗೇ ನೆನೆಯಿರಿ. ರಕ್ತದಲ್ಲಿ ಗುರುತು ಸಿಗಲಿಲ್ಲವೆಂದ ಮಾತ್ರಕ್ಕೆ ರೋಗ ಸುಳ್ಳಲ್ಲ, ರೋಗಿ ನಾಟಕವಾಡುತ್ತಿಲ್ಲ, ಹೆತ್ತವಳು ತಪ್ಪಿತಸ್ಥಳಲ್ಲ. ಔಷಧಿಯಿದೆ, ಚಿಕಿತ್ಸೆಯಿದೆ, ಬೇಗ ಹೋದಷ್ಟೂ ಒಳ್ಳೆಯದು.

ಹಾಗೆಯೇ, ಮನೆಯ ಎಳೆಯರಲ್ಲಿ ನಡತೆ ಕೆಟ್ಟಾಗ, ಜೊತೆಗೆ ಕೈನಡುಕವೋ ತೊದಲೋ ಕಾಮಾಲೆಯೋ ಕಂಡಾಗ, ‘ಇವನ ಸೆರುಲೋಪ್ಲಾಸ್ಮಿನ್ ನೋಡಬೇಕೇನು ಡಾಕ್ಟರೆ?’ ಎಂದು ಧೈರ್ಯವಾಗಿ ಕೇಳಿರಿ. ಹೆಸರು ಉದ್ದವಾಯಿತೆಂದು ಅಂಜಬೇಡಿ. ಯಾರೊಡನೆ ಮಾತಾಡಬೇಕೆಂದೇ ತಿಳಿಯದಿದ್ದರೆ, ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಎಂಬ ಉಚಿತ ದೂರವಾಣಿ ಸೇವೆ ಇದೆ, ಸಂಖ್ಯೆ 14416. ಕನ್ನಡದಲ್ಲಿಯೂ ಮಾತಾಡಬಹುದು. ಪರಸ್ಥಳದಲ್ಲಿ ದುಃಖವನ್ನು ಪರಭಾಷೆಯಲ್ಲಿ ಹೇಳಿಕೊಳ್ಳುವ ಕಷ್ಟವನ್ನು ನಮ್ಮಲ್ಲಿ ಅರಿಯದವರು ಯಾರು? ಆ ಕಷ್ಟವೊಂದಾದರೂ ಈಗ ತಪ್ಪಿದೆ. ಸಂಕೋಚವನ್ನು ಬಿಡುವುದಷ್ಟೇ ನಮ್ಮ ಪಾಲಿಗೆ ಉಳಿದಿರುವ ಕೆಲಸ.